ಗಿರಣಿಯ ಲೆಕ್ಕದ ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ ಬಿದ್ದಿದೆ: ನಷ್ಟವನ್ನು ಹೇಗೆ ಲೆಕ್ಕ ಹಾಕಬೇಕು?

ಕಾರಟಗಿ_ಗಿರಣಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಯಂತ್ರಗಳ ಕಡೆ ತಂದೆಯವರು ನೋಡಿಕೊಳ್ಳುತ್ತಾರೆ; ಖರೀದಿ, ಮಾರಾಟ, ಬ್ಯಾಂಕು, ಜಿಎಸ್‌ಟಿ ಇವೆಲ್ಲದರ ಲೆಕ್ಕ ಐದು ವರ್ಷಗಳಿಂದ ನನ್ನ ಕೈಯಲ್ಲಿದೆ. ಕಳೆದ ಸೋಮವಾರ ಬೆಳಿಗ್ಗೆ ಕಚೇರಿಯ ಕಂಪ್ಯೂಟರ್ ಚಾಲೂ ಮಾಡಿದಾಗ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದಲ್ಲಿ ನಮ್ಮ ಕಂಪನಿಯ ಹೆಸರೇ ಕಾಣಿಸಲಿಲ್ಲ. ಡೇಟಾ ಫೋಲ್ಡರ್ ತೆರೆದು ನೋಡಿದರೆ ಪ್ರತಿಯೊಂದು ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರಗಳು ಅಂಟಿಕೊಂಡಿದ್ದವು. ಪಕ್ಕದಲ್ಲೇ ರೀಡ್‌ಮಿ ಎಂಬ ಹೆಸರಿನ ಒಂದು ಫೈಲ್ ಇತ್ತು. ನಮ್ಮ ಫೈಲುಗಳಿಗೆಲ್ಲ ಬೀಗ ಹಾಕಲಾಗಿದೆ, ಕೀಲಿಗೆ 980 ಡಾಲರ್ ಕೊಡಬೇಕು, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಕ್ಕೆ, ಅಂದರೆ 490 ಡಾಲರ್‌ಗೆ ಕೊಡುತ್ತೇವೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

ಈಗ ಭತ್ತದ ಸುಗ್ಗಿ. ಅಂದು ಬೆಳಿಗ್ಗೆ ಎಂಟು ಗಂಟೆಗಾಗಲೇ ಹನ್ನೊಂದು ಟ್ರ್ಯಾಕ್ಟರ್‌ಗಳು ವೇಬ್ರಿಡ್ಜ್ ಮುಂದೆ ಸಾಲು ಹಚ್ಚಿದ್ದವು. ವೇಬ್ರಿಡ್ಜ್‌ನ ಕಂಪ್ಯೂಟರ್ ಕೂಡ ಅದೇ ನೆಟ್‌ವರ್ಕ್‌ನಲ್ಲಿದ್ದುದರಿಂದ ಅದಕ್ಕೂ ಬೀಗ ಬಿದ್ದಿತ್ತು. ತೂಕ ತೋರಿಸುವ ಪೆಟ್ಟಿಗೆ ಮಾತ್ರ ಕೆಲಸ ಮಾಡುತ್ತಿತ್ತು. ನಮ್ಮಲ್ಲಿ ಮೂವತ್ತು ವರ್ಷಗಳಿಂದ ಇರುವ ಗುಮಾಸ್ತರು ಹಳೆಯ ಕಾರ್ಬನ್ ಪುಸ್ತಕ ಹುಡುಕಿ ತೆಗೆದು, ತೂಕವನ್ನು ಕೈಯಿಂದ ಬರೆದು ಚೀಟಿ ಹರಿದು ಕೊಟ್ಟರು. ಹಾಗಾಗಿ ಖರೀದಿ ನಿಲ್ಲಲಿಲ್ಲ. ಆದರೆ ಅಕ್ಕಿಯ ಬಿಲ್ಲು ಮಾಡಲಾಗದೆ ಮೂರು ದಿನ ಒಂದು ಲಾರಿಯನ್ನೂ ಕಳಿಸಲಿಲ್ಲ.

ಬ್ಯಾಕಪ್ ಇರಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇತ್ತು. ದಿನವೂ ಸಂಜೆ ಪೆನ್‌ಡ್ರೈವ್‌ಗೆ ನಕಲು ಹೋಗುತ್ತಿತ್ತು. ಆ ಪೆನ್‌ಡ್ರೈವ್ ಸದಾ ಕಂಪ್ಯೂಟರ್‌ನಲ್ಲಿಯೇ ಚುಚ್ಚಿಕೊಂಡಿರುತ್ತಿದ್ದುದರಿಂದ ಅದರೊಳಗಿನ ನಕಲಿಗೂ ಬೀಗ ಬಿದ್ದಿದೆ. ಬೀರುವಿನಲ್ಲಿದ್ದ ಹಾರ್ಡ್ ಡಿಸ್ಕ್‌ನಲ್ಲಿ ಇರುವುದು ನಾಲ್ಕು ತಿಂಗಳ ಹಿಂದಿನ ಲೆಕ್ಕ.

ನನ್ನ ಪ್ರಶ್ನೆಗಳು ಇವು. ನಲವತ್ತು ಸಾವಿರ ಚಿಲ್ಲರೆ ರೂಪಾಯಿಯ ಮಾತು ತಾನೇ, ಕೊಟ್ಟು ಬಿಡಿಸಿಕೊಳ್ಳೋಣ ಎಂದು ತಂದೆಯವರು ಹೇಳುತ್ತಿದ್ದಾರೆ; ಅದು ಸರಿಯೇ? ಗಿರಣಿಯಲ್ಲಿ ಪಾಲು ಹೊಂದಿರುವ ಚಿಕ್ಕಪ್ಪನವರು ಒಟ್ಟು ನಷ್ಟ ಎಷ್ಟೆಂದು ಬರಹದಲ್ಲಿ ಕೊಡು ಎಂದಿದ್ದಾರೆ. ಪತ್ರಿಕೆಗಳಲ್ಲಿ ಇಂತಹ ಘಟನೆಗಳಿಗೆ ಕೋಟಿಗಟ್ಟಲೆ ರೂಪಾಯಿಯ ಸರಾಸರಿ ನಷ್ಟ ಬರೆದಿರುತ್ತಾರೆ, ನಮ್ಮಂಥವರು ಯಾವುದನ್ನು ನಷ್ಟವೆಂದು ಎಣಿಸಬೇಕು? ಹಾಗೆಯೇ ಯಾರ‍್ಯಾರಿಗೆ ತಿಳಿಸಲೇಬೇಕು? ಇವತ್ತಿಗೆ ಐದನೆಯ ದಿನ. ತಿಳಿದವರು ದಯವಿಟ್ಟು ಬರೆಯಿರಿ.

ಬಳ್ಳಾರಿ_ನೆಟ್‌ವರ್ಕ್

ಅಕ್ಕಾವರೇ, ಮೊದಲನೆಯ ಮಾತು: ಆ ಕಂಪ್ಯೂಟರ್‌ಗಳನ್ನು ಯಾರೂ ಫಾರ್ಮ್ಯಾಟ್ ಮಾಡದಂತೆ ನೋಡಿಕೊಳ್ಳಿ. ಅಂಗಡಿಯ ಹುಡುಗರು ಬಂದ ಕೂಡಲೇ ವಿಂಡೋಸ್ ಹೊಸದಾಗಿ ಹಾಕಿಬಿಡುತ್ತಾರೆ. ಉಳಿಯಬಹುದಾಗಿದ್ದ ಲೆಕ್ಕವೂ, ಪೊಲೀಸರಿಗೆ ಬೇಕಾದ ಸಾಕ್ಷ್ಯವೂ ಅಲ್ಲಿಗೆ ಮುಗಿಯುತ್ತವೆ. ಡಿಸ್ಕ್ ಬಿಚ್ಚಿ ತೆಗೆದು, ದಿನಾಂಕ ಬರೆದು ಇಟ್ಟು, ಹೊಸ ಡಿಸ್ಕ್ ಹಾಕಿ ಕೆಲಸ ಮುಂದುವರಿಸಿ.

ನೀವು ಬರೆದ ಲಕ್ಷಣಗಳು, ಅಂದರೆ ನಾಲ್ಕು ಅಕ್ಷರದ ಬಾಲ, ರೀಡ್‌ಮಿ ಫೈಲ್, 980 ಮತ್ತು 490 ಡಾಲರ್, 72 ಗಂಟೆ, ಇವೆಲ್ಲ ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ರ‍್ಯಾನ್ಸಮ್‌ವೇರ್ ಕುಟುಂಬದವು. ಈ ಕುಟುಂಬ ಹೆಚ್ಚಾಗಿ ಬರುವುದು ಕ್ರ್ಯಾಕ್ ಮಾಡಿದ ತಂತ್ರಾಂಶದ ಜೊತೆಗೆ. ಯಾರನ್ನೂ ಬೈಯುವುದಕ್ಕಾಗಿ ಅಲ್ಲ, ದಾರಿ ತಿಳಿಯುವುದಕ್ಕಾಗಿ, ಹಿಂದಿನ ಒಂದೆರಡು ದಿನಗಳಲ್ಲಿ ಯಾರಾದರೂ ಪುಕ್ಕಟೆಯಾಗಿ ಏನನ್ನಾದರೂ ಇಳಿಸಿಕೊಂಡರೇ ಎಂದು ಸಮಾಧಾನದಿಂದ ಕೇಳಿ. ಗದರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ, ದಾರಿ ಮುಚ್ಚದೆ ಉಳಿಯುತ್ತದೆ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ: ಈ ಕುಟುಂಬದ ಜೊತೆಗೆ ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಅನೇಕ ಸಲ ಬಂದಿರುತ್ತದೆ. ಆದ್ದರಿಂದ ಆ ಕಂಪ್ಯೂಟರ್‌ನಲ್ಲಿ ಬಳಸಿದ ಬ್ಯಾಂಕ್, ಇಮೇಲ್, ಜಿಎಸ್‌ಟಿ ಪಾಸ್‌ವರ್ಡ್‌ಗಳೆಲ್ಲವನ್ನೂ ಬೇರೊಂದು ಶುದ್ಧ ಕಂಪ್ಯೂಟರ್‌ನಿಂದ ಇಂದೇ ಬದಲಿಸಿ. ಬೀಗ ಬಿದ್ದ ಫೈಲು ಕಣ್ಣಿಗೆ ಕಾಣುತ್ತದೆ. ಕದ್ದ ಪಾಸ್‌ವರ್ಡ್ ಕಾಣುವುದು ಖಾತೆ ಖಾಲಿಯಾದ ಮೇಲೆ.

ಕೀಲಿಯ ವಿಷಯ ಹೀಗಿದೆ. ಆ ರೀಡ್‌ಮಿ ಫೈಲಿನ ಕೊನೆಯಲ್ಲಿ ನಿಮ್ಮ ಗುರುತಿನ ಉದ್ದನೆಯ ಅಕ್ಷರಮಾಲೆ ಇರುತ್ತದೆ. ಅದರ ಕೊನೆಯ ಎರಡು ಅಕ್ಷರ ಟಿ1 ಆಗಿದ್ದರೆ, ದಾಳಿಯ ಸಮಯದಲ್ಲಿ ಇಂಟರ್‌ನೆಟ್ ಸಂಪರ್ಕ ಸಿಗದೆ ಆ ತಂತ್ರಾಂಶವು ತನ್ನೊಳಗಿನ ಸಾಮಾನ್ಯ ಕೀಲಿಯನ್ನೇ ಬಳಸಿದೆ ಎಂದರ್ಥ. ಅಂತಹ ಕೀಲಿಗಳಲ್ಲಿ ಅನೇಕವು ಈಗಾಗಲೇ ಸಿಕ್ಕಿವೆ, ಎಮ್ಸಿಸಾಫ್ಟ್ ಸಂಸ್ಥೆಯ ಉಚಿತ ಸಾಧನದಿಂದ ಬಿಚ್ಚಲು ಪ್ರಯತ್ನಿಸಬಹುದು. 2016ರಲ್ಲಿ ಡಚ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಆರಂಭಿಸಿದ ನೋ ಮೋರ್ ರ‍್ಯಾನ್ಸಮ್ ಎಂಬ ತಾಣದಲ್ಲಿ ಇಂತಹ ಸಾಧನಗಳೆಲ್ಲ ಹಣವಿಲ್ಲದೆ ಸಿಗುತ್ತವೆ. ಟಿ1 ಇಲ್ಲದಿದ್ದರೆ ಆ ದಾರಿ ಇಲ್ಲ. ಆದರೂ ಒಂದು ಆಸೆ ಇರುತ್ತದೆ: ಈ ಕುಟುಂಬವು ಬೇಗ ಕೆಲಸ ಮುಗಿಸಲೆಂದು ಪ್ರತಿ ಫೈಲಿನ ಮೊದಲ ಸುಮಾರು 150 ಕಿಲೋಬೈಟ್‌ಗೆ ಮಾತ್ರ ಬೀಗ ಹಾಕುತ್ತದೆ. ಚಿಕ್ಕ ಫೈಲು ಪೂರ್ತಿ ಹೋಗುತ್ತದೆ, ದೊಡ್ಡ ಫೈಲಿನ ಒಡಲು ಹಾಗೆಯೇ ಇರುತ್ತದೆ. ಲೆಕ್ಕದ ದೊಡ್ಡ ಬ್ಯಾಕಪ್ ಫೈಲಿನಿಂದ ಒಂದಷ್ಟು ಮರಳಿ ಪಡೆಯಲು ಬರಬಹುದು. ಪೂರ್ತಿ ಬರುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ.

ಹಣ ಕೊಡುವುದರ ಬಗ್ಗೆ ನನ್ನ ಅಭಿಪ್ರಾಯ ಬೇಡ ಎಂದೇ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ 75 ಬಿಟ್‌ಕಾಯಿನ್, ಅಂದರೆ ಅಂದಿನ ದರದಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟು ಕೀಲಿ ಪಡೆಯಿತು. ಬಂದ ಸಾಧನ ಎಷ್ಟು ನಿಧಾನವಾಗಿತ್ತೆಂದರೆ ಕಂಪನಿ ತನ್ನದೇ ಬ್ಯಾಕಪ್‌ಗಳಿಂದ ಕೆಲಸ ಮುಂದುವರಿಸಬೇಕಾಯಿತು. ಅಷ್ಟು ದೊಡ್ಡ ಕಂಪನಿಯೊಳಗೆ ಕಳ್ಳರು ನುಗ್ಗಿದ್ದು ಬಳಕೆಯಲ್ಲಿಲ್ಲದ ಒಂದು ಖಾತೆಯ ಪಾಸ್‌ವರ್ಡ್‌ನಿಂದ. ಅದಕ್ಕೆ ಒಟಿಪಿಯಂತಹ ಎರಡನೆಯ ಬೀಗವೇ ಇರಲಿಲ್ಲ.

ನಿಮ್ಮ ಗುಮಾಸ್ತರು ಕಾರ್ಬನ್ ಪುಸ್ತಕ ತೆಗೆದದ್ದನ್ನು ಓದಿ ನನಗೆ ನಾರ್ವೆಯ ನಾರ್ಸ್ಕ್ ಹೈಡ್ರೋ ನೆನಪಾಯಿತು. ಲೋಹದ ಕಾರ್ಖಾನೆಗಳ ಊರಿನಲ್ಲಿ ಕೆಲಸ ಮಾಡುವವನಾದ್ದರಿಂದ ಆ ಘಟನೆಯನ್ನು ನಾನು ಮನಸ್ಸಿಟ್ಟು ಓದಿದ್ದೆ. 2019ರ ಮಾರ್ಚ್‌ನಲ್ಲಿ ಆ ಅಲ್ಯೂಮಿನಿಯಂ ಕಂಪನಿಯ ಸಾವಿರಾರು ಕಂಪ್ಯೂಟರ್‌ಗಳಿಗೆ ಬೀಗ ಬಿತ್ತು. ಅವರು ಒಂದು ಪೈಸೆಯನ್ನೂ ಕೊಡಲಿಲ್ಲ. ಕಾಗದದ ಮೇಲೆ ಆರ್ಡರ್ ಬರೆದುಕೊಂಡು, ಕಂಪ್ಯೂಟರ್ ಇಲ್ಲದ ಕಾಲದ ಕೆಲಸ ಗೊತ್ತಿದ್ದ ಹಳಬರ ನೆರವಿನಿಂದ ಕುಲುಮೆ ನಡೆಸಿದರು. ನಷ್ಟ ಸುಮಾರು 7 ಕೋಟಿ ಡಾಲರ್ ಆಯಿತು, ಆದರೆ ಕಂಪನಿ ನಿಂತಿತು. ಹಳಬರ ಕೈಯಲ್ಲಿರುವ ವಿದ್ಯೆಯೂ ಒಂದು ಬ್ಯಾಕಪ್ ಎಂದೇ ನಾನು ತಿಳಿದಿದ್ದೇನೆ.

ಕಂಪ್ಯೂಟರ್‌ನಿಂದ ಕಳಚಿ ಇಟ್ಟ ನಕಲಿನ ಬೆಲೆ ಏನೆಂಬುದಕ್ಕೆ 2017ರ ಜೂನ್ 27ರ ನಾಟ್‌ಪೆಟ್ಯಾ ದಾಳಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಹಡಗು ಸಾಗಣೆಯ ಮೇರ್ಸ್ಕ್ ಕಂಪನಿಯ ಲೆಕ್ಕವ್ಯವಸ್ಥೆ ಜಗತ್ತಿನಾದ್ಯಂತ ನೆಲ ಕಚ್ಚಿತು. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೂಡ ನಿಂತಿತು. ನಾಲ್ಕು ಸಾವಿರ ಸರ್ವರ್, 45 ಸಾವಿರ ಕಂಪ್ಯೂಟರ್‌ಗಳನ್ನು ಹತ್ತು ದಿನಗಳಲ್ಲಿ ಹೊಸದಾಗಿ ಸಿದ್ಧಪಡಿಸಬೇಕಾಯಿತು. ಕಂಪನಿ ಹೇಳಿದ ನಷ್ಟ 25ರಿಂದ 30 ಕೋಟಿ ಡಾಲರ್. ಯಾವ ಬಳಕೆದಾರನಿಗೆ ಯಾವ ಅಧಿಕಾರ ಎಂಬ ಮೂಲ ಪಟ್ಟಿಯ ಪ್ರತಿಗಳೆಲ್ಲ ಅಳಿಸಿಹೋಗಿದ್ದವು. ಒಂದು ಮಾತ್ರ ಉಳಿದಿತ್ತು, ಆಫ್ರಿಕದ ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ ಆ ಸರ್ವರ್ ನೆಟ್‌ವರ್ಕ್‌ನಿಂದ ಕಡಿದುಹೋಗಿತ್ತು. ಅಷ್ಟು ದೊಡ್ಡ ಕಂಪನಿ ಎದ್ದು ನಿಂತದ್ದು ಆ ಒಂದು ಪ್ರತಿಯಿಂದ.

ರಾಯಚೂರು_ಲೆಕ್ಕಪರಿಶೋಧಕ

ಮೇಲಿನವರು ಯಂತ್ರದ ಮಾತು ಹೇಳಿದ್ದಾರೆ. ನಾನು ನಷ್ಟದ ಲೆಕ್ಕ ಮತ್ತು ಕಾನೂನಿನ ಬಗ್ಗೆ ಬರೆಯುತ್ತೇನೆ.

ಪತ್ರಿಕೆಗಳಲ್ಲಿ ನೀವು ಓದಿರುವುದು ಬಹುಶಃ ಐಬಿಎಂ ಪ್ರತಿವರ್ಷ ಹೊರಡಿಸುವ ವರದಿಯ ಅಂಕಿ. 2024ರ ವರದಿಯಲ್ಲಿ ಭಾರತದ ಸಂಸ್ಥೆಗಳಿಗೆ ಒಂದು ದತ್ತಾಂಶ ಸೋರಿಕೆಯ ಸರಾಸರಿ ವೆಚ್ಚ 19.5 ಕೋಟಿ ರೂಪಾಯಿ ಎಂದಿತ್ತು. ಆ ಸರಾಸರಿ ದೊಡ್ಡ ಸಂಸ್ಥೆಗಳದ್ದು, ಅದನ್ನು ನಿಮ್ಮ ಗಿರಣಿಗೆ ಹಚ್ಚಬೇಡಿ. ಆದರೆ ಆ ವರದಿ ವೆಚ್ಚವನ್ನು ವಿಂಗಡಿಸುವ ಕ್ರಮ ನಿಮಗೂ ಉಪಯೋಗವಾಗುತ್ತದೆ: ಏನಾಯಿತೆಂದು ಪತ್ತೆ ಮಾಡಲು ತಗಲಿದ್ದು, ಸಂಬಂಧಪಟ್ಟವರಿಗೆ ತಿಳಿಸಲು ತಗಲಿದ್ದು, ಸರಿಪಡಿಸಲು ತಗಲಿದ್ದು, ಕಳೆದುಕೊಂಡ ವ್ಯಾಪಾರ. ಒಂದು ನೋಟ್‌ಬುಕ್ ತೆಗೆದುಕೊಂಡು ಮೊದಲ ದಿನದಿಂದಲೂ ಯಾರು ಎಷ್ಟು ಹೊತ್ತು ಯಾವ ಕೆಲಸ ಮಾಡಿದರು, ಯಾರಿಗೆ ಎಷ್ಟು ಕೊಟ್ಟಿರಿ ಎಂದು ದಿನಾಂಕದ ಸಮೇತ ಬರೆದಿಡಿ. ತಿಂಗಳಾದ ಮೇಲೆ ನೆನಪಿನಿಂದ ಬರೆದ ಲೆಕ್ಕವನ್ನು ಪಾಲುದಾರರೂ ಒಪ್ಪುವುದಿಲ್ಲ, ವಿಮೆಯವರೂ ಒಪ್ಪುವುದಿಲ್ಲ.

ಹೆಚ್ಚು ಜನ ತಪ್ಪು ಮಾಡುವುದು ಕಳೆದುಕೊಂಡ ವ್ಯಾಪಾರದ ಲೆಕ್ಕದಲ್ಲಿ. ಮೂರು ದಿನ ಲಾರಿ ಹೋಗಲಿಲ್ಲ, ದಿನಕ್ಕೆ ಹತ್ತು ಲಕ್ಷದ ಅಕ್ಕಿ ಹೋಗುತ್ತಿತ್ತು, ಆದ್ದರಿಂದ ಮೂವತ್ತು ಲಕ್ಷ ನಷ್ಟ ಎಂದು ಬರೆದುಬಿಡುತ್ತಾರೆ. ಅದು ನಷ್ಟವಲ್ಲ. ಅಕ್ಕಿ ಗೋದಾಮಿನಲ್ಲೇ ಇದೆ. ಮೂವತ್ತು ಲಕ್ಷ ರೂಪಾಯಿ ಹತ್ತು ದಿನ ತಡವಾಗಿ ಬಂದರೆ, ಬ್ಯಾಂಕಿನ ಬಡ್ಡಿ ಶೇ 10 ಎಂದು ಹಿಡಿದರೂ, ನಷ್ಟ ಸುಮಾರು 8,200 ರೂಪಾಯಿ ಮಾತ್ರ. ಅದೇ ವೇಳೆ ಒಬ್ಬ ಖರೀದಿದಾರ ಕಾಯಲಾರದೆ ಸಿಂಧನೂರಿನ ಇನ್ನೊಂದು ಗಿರಣಿಗೆ ಹೋಗಿ ಅಲ್ಲಿಯೇ ನೆಲೆ ನಿಂತರೆ, ಅವನಿಂದ ವರ್ಷಕ್ಕೆ ಬರುತ್ತಿದ್ದ ಲಾಭವಷ್ಟೂ ನಷ್ಟ. ಮುಂದೂಡಿದ ಮಾರಾಟ ಯಾವುದು, ಕೈತಪ್ಪಿದ ಮಾರಾಟ ಯಾವುದು ಎಂದು ಬೇರೆ ಮಾಡಿ ಬರೆದರೆ ನಿಮ್ಮ ಚಿಕ್ಕಪ್ಪನವರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಉಳಿದ ಅರ್ಧವೇ ಕಷ್ಟದ್ದು. ನಾಲ್ಕು ತಿಂಗಳ ಲೆಕ್ಕವನ್ನು ಮತ್ತೆ ಕಟ್ಟುವಾಗ ಒಂದು ವಿಚಿತ್ರ ನಿಮಗೆ ಕಾಣುತ್ತದೆ. 25 ಕಿಲೋವರೆಗಿನ ಲೇಬಲ್ ಹಚ್ಚಿದ ಚೀಲದ ಅಕ್ಕಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇರುವುದರಿಂದ, ನೋಂದಾಯಿತ ವ್ಯಾಪಾರಿಗಳಿಗೆ ಮಾಡಿದ ಅಂತಹ ಮಾರಾಟವೆಲ್ಲ ಬಿಲ್ಲುವಾರು ಜಿಎಸ್‌ಟಿ ಪೋರ್ಟಲ್‌ನಲ್ಲಿದೆ. ನೀವು ಕೊಂಡ ಯಂತ್ರದ ಬಿಡಿಭಾಗ, ಗೋಣಿಚೀಲ ಇವು ಎದುರಿನವರು ಸಲ್ಲಿಸಿದ ರಿಟರ್ನ್‌ನಿಂದ ನಿಮ್ಮ 2ಬಿ ಪಟ್ಟಿಯಲ್ಲಿ ಸಿಗುತ್ತವೆ. ತೌಡು ಒಯ್ದ ಎಣ್ಣೆ ಕಾರ್ಖಾನೆಯವರು ತಮ್ಮ ಖಾತೆಯ ಪ್ರತಿ ಕೊಡುತ್ತಾರೆ. ಬ್ಯಾಂಕಿನ ಪಟ್ಟಿ ಬ್ಯಾಂಕಿನಲ್ಲಿದೆ. ಅಂದರೆ ದೊಡ್ಡವರ ಜೊತೆಗಿನ ವ್ಯವಹಾರಕ್ಕೆ ಎರಡನೆಯ ಪ್ರತಿ ಎಲ್ಲಿಯಾದರೂ ಇದ್ದೇ ಇರುತ್ತದೆ. ರೈತನ ಭತ್ತಕ್ಕೆ ತೆರಿಗೆ ಇಲ್ಲ, ಪೋರ್ಟಲ್ ಇಲ್ಲ. ಯಾರು 75 ಕಿಲೋದ ಎಷ್ಟು ಚೀಲ ತಂದರು, ಬಿತ್ತನೆಯ ಹೊತ್ತಿಗೆ ಎಷ್ಟು ಮುಂಗಡ ಒಯ್ದಿದ್ದರು, ಬಾಕಿ ಎಷ್ಟು ಎಂಬುದು ನಿಮ್ಮ ಕಂಪ್ಯೂಟರ್‌ನಲ್ಲಿ ಮತ್ತು ಆ ರೈತನ ಕಿಸೆಯ ಚೀಟಿಯಲ್ಲಿ ಮಾತ್ರ ಇತ್ತು. ಆದ್ದರಿಂದ ಮೊದಲು ರೈತರ ಲೆಕ್ಕ ಕಟ್ಟಿ, ಉಳಿದದ್ದು ಕಾಯುತ್ತದೆ. ಅಲ್ಲಿ ಒಂದು ಚೀಲ ಹೆಚ್ಚುಕಡಿಮೆಯಾದರೂ ಹೋಗುವುದು ನಂಬಿಕೆ, ಅದಕ್ಕೆ ಯಾವ ಖಾತೆಯಲ್ಲಿಯೂ ಜಮೆ ಇಲ್ಲ.

ಇನ್ನೊಂದನ್ನು ಹೇಳಲೇಬೇಕು. 2025ರ ಸೆಪ್ಟೆಂಬರ್‌ನಲ್ಲಿ ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಕಾರ್ಖಾನೆಗಳು ಸೈಬರ್ ದಾಳಿಯಿಂದ ತಿಂಗಳಿಗೂ ಹೆಚ್ಚು ಕಾಲ ನಿಂತವು. ಬ್ರಿಟನ್ನಿನ ಸೈಬರ್ ಮಾನಿಟರಿಂಗ್ ಸೆಂಟರ್ ಅಂದಾಜಿಸಿದ ಒಟ್ಟು ನಷ್ಟ 190 ಕೋಟಿ ಪೌಂಡ್. ಪೆಟ್ಟು ತಿಂದ ಸಂಸ್ಥೆಗಳು ಐದು ಸಾವಿರಕ್ಕೂ ಹೆಚ್ಚು, ಅವುಗಳಲ್ಲಿ ಬಿಡಿಭಾಗ ಮಾಡಿಕೊಡುವ ಸಣ್ಣವರೇ ಬಹಳ. ನಿಮ್ಮಲ್ಲಿಯೂ ಮೂರು ದಿನ ಲಾರಿ ತುಂಬಲಿಲ್ಲ ಎಂದರೆ ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರಿಗೆ ಮೂರು ದಿನ ತುಂಬುವ ಕೂಲಿ ಇರಲಿಲ್ಲ ಎಂದರ್ಥ. ಅದು ನಿಮ್ಮ ವಹಿಯಲ್ಲಿ ಬರುವುದಿಲ್ಲ. ನಷ್ಟದ ಪಟ್ಟಿಯಲ್ಲಿ ಬರಬೇಕು ಎಂಬುದು ನನ್ನ ಅನಿಸಿಕೆ.

ಕಾನೂನಿಗೆ ಬಂದರೆ, ಸೈಬರ್ ಘಟನೆಯನ್ನು ಅರಿವಿಗೆ ಬಂದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಗಡುವು ಮೀರಿದೆ, ಆದರೂ ಇಂದೇ ಕಳಿಸಿ. ಸೈಬರ್ ಅಪರಾಧಗಳನ್ನು ನೋಡುವ ಕೊಪ್ಪಳದ ಸಿಇಎನ್ ಪೊಲೀಸ್ ಠಾಣೆಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಕಳ್ಳ ಸಿಗುತ್ತಾನೋ ಇಲ್ಲವೋ, ಆ ಪ್ರತಿ ನಿಮಗೆ ಮೂರು ಕಡೆ ಬೇಕಾಗುತ್ತದೆ. ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು; ಇಲ್ಲವೆಂದರೆ ಏಕೆ ಇಲ್ಲ ಎಂಬುದಕ್ಕೆ ಆಧಾರ ಬೇಕು. ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ತಡವಾದದ್ದಕ್ಕೆ ಕಾರಣ ಬೇಕು. ಆದಾಯ ತೆರಿಗೆಯಲ್ಲಿ, ವ್ಯಾಪಾರ ನಡೆಸುವಾಗ ಅದರಿಂದಲೇ ಉಂಟಾದ ವಂಚನೆಯ ನಷ್ಟವನ್ನು ಕಳೆಯಬಹುದೆಂದು ಸುಪ್ರೀಂ ಕೋರ್ಟ್ 1958ರಲ್ಲಿಯೇ ಬದ್ರಿದಾಸ್ ಡಾಗಾ ಪ್ರಕರಣದಲ್ಲಿ ಹೇಳಿದೆ. ಆ ವಾದಕ್ಕೂ ದಾಖಲೆಯೇ ಬೆನ್ನೆಲುಬು.

ಬಳ್ಳಾರಿ_ಜೀನ್ಸ್

ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ನಮಗೆ ರ‍್ಯಾನ್ಸಮ್‌ವೇರ್ ಬಂದಿಲ್ಲ, ಆದರೆ ಮೇಲಿನವರು ಪಾಸ್‌ವರ್ಡ್ ಕಳವಿನ ಬಗ್ಗೆ ಬರೆದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಹೇಳಲು ಬರೆಯುತ್ತಿದ್ದೇನೆ. ಅಹಮದಾಬಾದಿನಿಂದ ನಮಗೆ ಡೆನಿಮ್ ಬಟ್ಟೆ ಕಳಿಸುವವರ ಇಮೇಲ್‌ನೊಳಗೆ ಯಾರೋ ಕುಳಿತು ತಿಂಗಳುಗಟ್ಟಲೆ ನಮ್ಮ ಪತ್ರವ್ಯವಹಾರ ಓದಿದ್ದರು. ಒಂದು ದಿನ ಅದೇ ವಿಳಾಸದಿಂದ, ಅದೇ ಬಿಲ್ ನಂಬರಿನ ಸಮೇತ, ನಮ್ಮ ಹಳೆಯ ಖಾತೆಯ ಆಡಿಟ್ ನಡೆದಿದೆ, ಈ ಸಲದ ಹಣವನ್ನು ಹೊಸ ಖಾತೆಗೆ ಹಾಕಿ ಎಂದು ಪತ್ರ ಬಂತು. 6 ಲಕ್ಷ 40 ಸಾವಿರ ರೂಪಾಯಿ ಆರ್‌ಟಿಜಿಎಸ್ ಮಾಡಿದೆವು. ಎರಡು ದಿನ ಬಿಟ್ಟು ಬಟ್ಟೆಯವರು ಹಣ ಬಂದಿಲ್ಲ ಎಂದು ಫೋನ್ ಮಾಡಿದಾಗ ನನ್ನ ಕೈಕಾಲು ತಣ್ಣಗಾದವು.

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಅಷ್ಟರಲ್ಲಿ ಹಣ ನಾಲ್ಕು ಖಾತೆಗಳಿಗೆ ಹಂಚಿಹೋಗಿತ್ತು; 1 ಲಕ್ಷ 10 ಸಾವಿರ ಮಾತ್ರ ತಡೆಹಿಡಿಯಲು ಸಾಧ್ಯವಾಯಿತು. ಎರಡು ದಿನದ ಬದಲು ಎರಡು ಗಂಟೆಯಲ್ಲಿ ಕರೆ ಮಾಡಿದ್ದರೆ ಹೆಚ್ಚು ಉಳಿಯುತ್ತಿತ್ತು ಎಂದು ಠಾಣೆಯಲ್ಲಿ ಹೇಳಿದರು. ಹಣ ಹೋದದ್ದಕ್ಕಿಂತ ಹೆಚ್ಚಿನ ನೋವು ಬೇರೆಯದು: ಹದಿನೈದು ವರ್ಷ ಬರೀ ಮಾತಿನ ಮೇಲೆ ಉದ್ರಿ ಕೊಡುತ್ತಿದ್ದ ಬಟ್ಟೆಯವರು ಈಗ ಅರ್ಧ ಹಣ ಮೊದಲೇ ಕೇಳುತ್ತಾರೆ. ತಪ್ಪು ಅವರ ಇಮೇಲ್‌ನದೋ ನಮ್ಮದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಉದ್ರಿ ಕಡಿಮೆಯಾದದ್ದರಿಂದ ನಾವು ತೆಗೆದ ಹೆಚ್ಚಿನ ಸಾಲದ ಬಡ್ಡಿಯನ್ನು ನಾನು ಇದೇ ಘಟನೆಯ ಖರ್ಚಿಗೆ ಬರೆಯುತ್ತೇನೆ. ಈಗ ಖಾತೆ ನಂಬರ್ ಬದಲಾಯಿತೆಂದು ಯಾರು ಬರೆದರೂ, ಹಳೆಯ ಫೋನ್ ನಂಬರಿಗೆ ನಾನೇ ಕರೆ ಮಾಡಿ, ಪರಿಚಯದ ದನಿ ಕೇಳಿದ ಮೇಲೆಯೇ ಹಣ ಹಾಕುವುದು.

ಹತ್ತಿ_ಜಿನ್ನಿಂಗ್

ರಾಯಚೂರಿನ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್ ಆಗಿದ್ದೇನೆ. ಹಣ ಕೊಟ್ಟವರ ಅನುಭವವೂ ಇಲ್ಲಿ ಇರಲಿ. ಮೂರು ವರ್ಷದ ಹಿಂದೆ ಹತ್ತಿಯ ಸೀಸನ್‌ನಲ್ಲಿಯೇ ಬೀಗ ಬಿತ್ತು, ಮಾಲೀಕರು ಕೊಟ್ಟರು, ಕೀಲಿಯೂ ಬಂತು. ಮೂರರಲ್ಲಿ ಎರಡು ಭಾಗ ಫೈಲುಗಳು ತೆರೆದವು, ಉಳಿದವು ತೆರೆಯಲೇ ಇಲ್ಲ. ಆಗಿನ ಸ್ಥಿತಿಯಲ್ಲಿ ನಾವು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ನಮ್ಮಲ್ಲಿ ಯಾವ ನಕಲೂ ಇರಲಿಲ್ಲ. ಆದರೆ ಅವರು ನುಗ್ಗಿದ ದಾರಿಯನ್ನು, ಅಂದರೆ ಮನೆಯಿಂದ ಕಚೇರಿಯ ಕಂಪ್ಯೂಟರ್ ನೋಡಲು ತೆರೆದಿಟ್ಟಿದ್ದ ರಿಮೋಟ್ ಡೆಸ್ಕ್‌ಟಾಪ್ ಅನ್ನು, ನಾವು ಮುಚ್ಚಲಿಲ್ಲ. ಐದು ತಿಂಗಳಿಗೆ ಮತ್ತೆ ಬಂದರು. ಎರಡನೆಯ ಸಲ ಕೇಳಿದ ಮೊತ್ತ ಮೊದಲಿನದರ ಮೂರು ಪಟ್ಟು.

ಕಾರಟಗಿ_ಗಿರಣಿ

ಉತ್ತರ ಬರೆದ ಎಲ್ಲರಿಗೂ ಕೈ ಮುಗಿಯುತ್ತೇನೆ. ಇಪ್ಪತ್ತಾರು ದಿನಗಳ ನಂತರ ಬರೆಯುತ್ತಿದ್ದೇನೆ. ನಾವು ಹಣ ಕೊಡಲಿಲ್ಲ.

ಗುರುತಿನ ಅಕ್ಷರಮಾಲೆಯ ಕೊನೆಯಲ್ಲಿ ಟಿ1 ಇರಲಿಲ್ಲ, ಆದ್ದರಿಂದ ಉಚಿತ ಕೀಲಿ ಸಿಗಲಿಲ್ಲ. ಡಿಸ್ಕ್ ತೆಗೆದುಕೊಂಡು ಬಳ್ಳಾರಿಗೆ ಹೋದೆವು. ದೊಡ್ಡ ಬ್ಯಾಕಪ್ ಫೈಲಿನಿಂದ ಸುಮಾರು ಎರಡು ತಿಂಗಳ ವೋಚರ್‌ಗಳು ಓದಲು ಬಂದವು. ಉಳಿದದ್ದನ್ನು ಕೈಯಿಂದ ಕಟ್ಟಿದೆವು. ಆಗ ನಮ್ಮ ಗುಮಾಸ್ತರು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, "ಇಲ್ನೋಡ್ರಿ ಅವ್ವಾರ, ಒಂದ ಚೀಟಿನೂ ನಾ ಒಗದಿಲ್ರಿ" ಎಂದರು. ಕಂಪ್ಯೂಟರ್‌ನಿಂದ ತೆಗೆದ ತೂಕದ ಚೀಟಿಗಳ ಕಚೇರಿ ಪ್ರತಿಯನ್ನು, ನಾವ್ಯಾರೂ ಹೇಳದಿದ್ದರೂ, ಅವರು ತಿಂಗಳಿಗೊಂದು ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕಿದ್ದರು. ಕೆಳಗಿನವು ಧೂಳು ಹಿಡಿದು ಶಾಯಿ ಮಾಸಿದ್ದವು, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಓದಲು ಬರುತ್ತಿತ್ತು. ಅವರು ಓದುತ್ತ ಹೋದರು, ನಾನು ಏರಿಸುತ್ತ ಹೋದೆ. ಒಂಬತ್ತು ರಾತ್ರಿ ಹಿಡಿಯಿತು.

ಆಮೇಲೆ ರೈತರನ್ನು ಊರುವಾರು ಕರೆಸಿ ಅವರ ಚೀಟಿಗಳ ಜೊತೆ ತಾಳೆ ನೋಡಿದೆವು. ಏಳು ಜನರ ಲೆಕ್ಕದಲ್ಲಿ ವ್ಯತ್ಯಾಸ ಬಂತು. ಆರರಲ್ಲಿ ನಮ್ಮದೇ ತಪ್ಪು ಸಿಕ್ಕಿತು. ಏಳನೆಯದರಲ್ಲಿ ಎರಡು ಚೀಲದ ಅಂತರ ಬಗೆಹರಿಯಲಿಲ್ಲ. ಅವರ ಕೈಯಲ್ಲಿದ್ದ ಚೀಟಿಯಂತೆಯೇ ತಂದೆಯವರು ಹಣ ಕೊಟ್ಟರು.

ಚಿಕ್ಕಪ್ಪನವರಿಗೆ ಕೊಟ್ಟ ಪಟ್ಟಿಯಲ್ಲಿ ಹೊಸ ಡಿಸ್ಕ್, ಡೇಟಾ ಮರಳಿ ತೆಗೆಯುವ ಕೆಲಸ, ಓಡಾಟ ಸೇರಿ 61 ಸಾವಿರ ರೂಪಾಯಿ, ಹೆಚ್ಚುವರಿ ದುಡಿಮೆಗೆ ಕೊಟ್ಟದ್ದು 38 ಸಾವಿರ, ತಡವಾದ ಹಣದ ಬಡ್ಡಿ 9 ಸಾವಿರ, ಹಮಾಲರಿಗೆ ಮೂರು ದಿನದ ಅರ್ಧ ಕೂಲಿ 27 ಸಾವಿರ ಎಂದು ಬರೆದಿದ್ದೇನೆ. ಒಟ್ಟು 1 ಲಕ್ಷ 35 ಸಾವಿರ. ಗದಗಿನ ಒಬ್ಬ ಖರೀದಿದಾರರು ಬೇರೆ ಗಿರಣಿಗೆ ಹೋಗಿದ್ದಾರೆ, ಮರಳುತ್ತಾರೋ ಇಲ್ಲವೋ ತಿಳಿಯದ್ದರಿಂದ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ನಲವತ್ತು ಸಾವಿರ ಕೊಟ್ಟಿದ್ದರೆ ಅಗ್ಗವಾಗುತ್ತಿತ್ತಲ್ಲ ಎಂದು ಚಿಕ್ಕಪ್ಪ ಕೇಳಿದರು. ಕೊಟ್ಟಿದ್ದರೂ ಡಿಸ್ಕ್, ದುಡಿಮೆ, ಹಮಾಲಿ ಖರ್ಚು ತಪ್ಪುತ್ತಿರಲಿಲ್ಲ, ರೈತರ ಚೀಟಿ ತಾಳೆ ನೋಡುವುದೂ ತಪ್ಪುತ್ತಿರಲಿಲ್ಲ ಎಂದು ತೋರಿಸಿದೆ; ಜಿನ್ನಿಂಗ್‌ನವರು ಬರೆದದ್ದನ್ನೂ ಓದಿ ಹೇಳಿದೆ.

ಈಗ ಎರಡು ಹಾರ್ಡ್ ಡಿಸ್ಕ್ ಇವೆ. ಒಂದರಲ್ಲಿ ಸಂಜೆಯ ನಕಲು ಮುಗಿದ ಕೂಡಲೇ ಕಳಚಿ ಬೀರುವಿಗೆ ಹೋಗುತ್ತದೆ. ಇನ್ನೊಂದನ್ನು ತಂದೆಯವರು ಪ್ರತಿ ಶನಿವಾರ ಬುತ್ತಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ. ವೇಬ್ರಿಡ್ಜ್ ಕಂಪ್ಯೂಟರ್‌ಗೆ ಇಂಟರ್‌ನೆಟ್ ತೆಗೆದಿದ್ದೇವೆ.

ಒಂದು ಪ್ರಶ್ನೆ ಉಳಿದಿದೆ. ಆ ಕಂಪ್ಯೂಟರ್‌ನಲ್ಲಿ ರೈತರ ಆಧಾರ್ ಮತ್ತು ಪಾಸ್‌ಬುಕ್ ಪ್ರತಿಗಳೂ ಇದ್ದವು. ಅವರಿಗೆ ಇದನ್ನು ಹೇಳಬೇಕೇ? ಹೇಳಿದರೆ ಗಾಬರಿಯಾಗುತ್ತಾರೆ ಎಂದು ತಂದೆಯವರಿಗೆ ಹಿಂಜರಿಕೆ ಇದೆ.

ರಾಯಚೂರು_ಲೆಕ್ಕಪರಿಶೋಧಕ

ಹೇಳಬೇಕು. ವೈಯಕ್ತಿಕ ದತ್ತಾಂಶವನ್ನು ಕಾಪಾಡುವ ಹೊಣೆ ಅದನ್ನು ಪಡೆದಿಟ್ಟುಕೊಂಡವರದೇ ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಸುರಕ್ಷತಾ ಕ್ರಮದಲ್ಲಿ ಲೋಪವಾದರೆ ಅದರಲ್ಲಿ ಹೇಳಿರುವ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಇದೆ. ಅದು ಮೇಲ್ಮಿತಿ ಮಾತ್ರ, ನಿಮ್ಮನ್ನು ಹೆದರಿಸಲು ಬರೆದದ್ದಲ್ಲ. ದಂಡವಿಲ್ಲದಿದ್ದರೂ ಹೇಳಬೇಕು ಎನ್ನುತ್ತೇನೆ, ಏಕೆಂದರೆ ಆ ಪ್ರತಿಗಳನ್ನು ಹಿಡಿದು ಯಾರಾದರೂ ಬ್ಯಾಂಕಿನವರೆಂದು ಹೇಳಿಕೊಂಡು ರೈತರಿಗೆ ಫೋನ್ ಮಾಡಬಹುದು, ಮುನ್ಸೂಚನೆ ಇದ್ದವರು ಮೋಸ ಹೋಗುವುದು ಕಡಿಮೆ.

ವೇಬ್ರಿಡ್ಜ್ ಬಳಿ ದೊಡ್ಡ ಅಕ್ಷರದಲ್ಲಿ ಒಂದು ಕಾಗದ ಅಂಟಿಸಿ, ಓದಲು ಬಾರದವರಿಗೆ ಗುಮಾಸ್ತರ ಬಾಯಿಂದಲೇ ಹೇಳಿಸಿ. ಯಾವ ದಿನ ಏನಾಯಿತು, ಯಾವ ಕಾಗದಗಳ ಪ್ರತಿ ಆ ಕಂಪ್ಯೂಟರ್‌ನಲ್ಲಿತ್ತು, ಗಿರಣಿಯಿಂದಾಗಲಿ ಬ್ಯಾಂಕಿನಿಂದಾಗಲಿ ಒಟಿಪಿ ಕೇಳಿ ಯಾರೂ ಕರೆ ಮಾಡುವುದಿಲ್ಲ, ಖಾತೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಇಷ್ಟು ಸಾಕು. ಕೆಳಗೆ ತಂದೆಯವರ ಸಹಿ ಇರಲಿ. ಇನ್ನು ಮುಂದೆ ಆಧಾರ್ ಪ್ರತಿಯನ್ನು ಪಡೆಯುವ ಅಗತ್ಯ ನಿಜವಾಗಿಯೂ ಎಲ್ಲಿದೆ ಎಂದು ನೋಡಿ. ಹಣ ಹಾಕಲು ಖಾತೆಯ ನಂಬರ್ ಸಾಕಾಗುವಲ್ಲಿ ಆಧಾರ್ ಕೇಳಬೇಡಿ. ಕಾಗದದ ಕರಡನ್ನು ಇಲ್ಲಿ ಹಾಕಿದರೆ ನಾಳೆ ಬೆಳಿಗ್ಗೆ ನೋಡಿ ತಿದ್ದಿ ಕೊಡುತ್ತೇನೆ.